ಕಿಂಡಲ್ ಪುಸ್ತಕದಂಗಡಿ: ಓದಿಗೆ ಹಿತ, ಒಡೆತನಕ್ಕೆ ಬೀಗ

ಇ-ಪುಸ್ತಕ ಓದುವ ಸಾಧನವಾದ ಅಮೆಜಾನ್ ಕಂಪನಿಯ ಕಿಂಡಲ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 2007ರ ನವೆಂಬರಿನಲ್ಲಿ. ರೂಪಾಯಿಯಲ್ಲಿ ಬೆಲೆ ಕೊಟ್ಟು ಇ-ಪುಸ್ತಕ ಕೊಳ್ಳಬಹುದಾದ ಅದರ ಭಾರತೀಯ ಅಂಗಡಿ ತೆರೆದದ್ದು 2012ರ ಆಗಸ್ಟಿನಲ್ಲಿ. ಆ ಸಾಧನದ ಪರದೆ, ಬ್ಯಾಟರಿ ಮತ್ತು ತೂಕದ ಬಗ್ಗೆ ವಿಮರ್ಶೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ವಿಷಯವೊಂದನ್ನು ಇಲ್ಲಿ ವಿವರವಾಗಿ ನೋಡಬೇಕೆಂದಿದ್ದೇನೆ: ಪೂರ್ಣ ಬೆಲೆ ತೆತ್ತು ಕೊಂಡ ಇ-ಪುಸ್ತಕದ ಮೇಲೆ ಓದುಗನಿಗೆ ನಿಜವಾಗಿ ಎಷ್ಟು ಹಕ್ಕು ದಕ್ಕುತ್ತದೆ, ಮತ್ತು ನಕಲು ತಡೆಯಲೆಂದು ಹಾಕಿದ ಬೀಗದ ಭಾರವನ್ನು ಹೊರುವವರು ಯಾರು? ಕಿಂಡಲನ್ನು ಹಲವು ವರ್ಷಗಳಿಂದ ಬಳಸುತ್ತಿರುವ ಓದುಗನಾಗಿ, ಕನ್ನಡ ಪ್ರಕಾಶಕರ ಕಷ್ಟವನ್ನೂ ಹತ್ತಿರದಿಂದ ಕಂಡವನಾಗಿ, ಎರಡೂ ಕಡೆಗೆ ನ್ಯಾಯ ಸಲ್ಲುವಂತೆ ಬರೆಯಲು ಯತ್ನಿಸುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಇ-ಇಂಕ್ ಪರದೆ ಕಣ್ಣಿಗೆ ಹಿತವಾಗಿದೆ, ಬಿಸಿಲಿನಲ್ಲೂ ಓದಲು ಬರುತ್ತದೆ, ಅಕ್ಷರದ ಗಾತ್ರವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದಾದ್ದರಿಂದ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಒಮ್ಮೆ ಇಳಿಸಿಕೊಂಡ ಪುಸ್ತಕಕ್ಕೆ ಅಂತರ್ಜಾಲ ಬೇಕಿಲ್ಲ. ಸಕಲೇಶಪುರದ ಘಾಟಿ ಇಳಿಯುವ ರೈಲಿನಲ್ಲಿ ಫೋನಿನ ಸಿಗ್ನಲ್ ಹೋದರೂ ಓದು ನಿಲ್ಲುವುದಿಲ್ಲ. ಒಂದೇ ಖಾತೆಗೆ ಸೇರಿಸಿದ ಹಲವು ಸಾಧನಗಳಲ್ಲಿ ಅದೇ ಪುಸ್ತಕವನ್ನು ತೆರೆಯಬಹುದು. ಎಷ್ಟು ಸಾಧನಗಳಲ್ಲಿ ಎಂಬುದನ್ನು ಪ್ರಕಾಶಕರು ನಿಗದಿಪಡಿಸುತ್ತಾರೆ, ಸಾಮಾನ್ಯವಾಗಿ ಅದು ಆರು. ದಿನನಿತ್ಯದ ಓದಿನಲ್ಲಿ ಇಲ್ಲೊಂದು ಬೀಗವಿದೆ ಎಂಬ ಅರಿವೇ ಬರುವುದಿಲ್ಲ. ನಕಲು ತಡೆಯ ಚರಿತ್ರೆಯನ್ನು ಬಲ್ಲವರಿಗೆ ಇದು ಸಣ್ಣ ಸಾಧನೆಯೆನಿಸದು. 2005ರಲ್ಲಿ ಸೋನಿ ಬಿಎಂಜಿ ಹೊರತಂದ ಕೆಲವು ಸಂಗೀತದ ಸಿ.ಡಿ.ಗಳು ಕೊಂಡವರ ಕಂಪ್ಯೂಟರಿನೊಳಗೆ ತನ್ನ ಇರವನ್ನೇ ಮರೆಮಾಚುವ ತಂತ್ರಾಂಶವನ್ನು ಸೇರಿಸಿ ಅದರ ಭದ್ರತೆಗೇ ಕುತ್ತು ತಂದಿದ್ದವು. 2008ರ ಸ್ಪೋರ್ ಎಂಬ ಕಂಪ್ಯೂಟರ್ ಆಟವನ್ನು ಹಣ ಕೊಟ್ಟು ತಂದವರು ಮೂರು ಬಾರಿ ಮಾತ್ರ ಅದನ್ನು ಸಕ್ರಿಯಗೊಳಿಸಿಕೊಳ್ಳಬಹುದಿತ್ತು. ಅವುಗಳಿಗೆ ಹೋಲಿಸಿದರೆ ಕಿಂಡಲ್ ತನ್ನ ಗ್ರಾಹಕನನ್ನು ಗೌರವದಿಂದ ನಡೆಸಿಕೊಳ್ಳುತ್ತದೆ.

ಬೀಗ ಕೆಲಸ ಮಾಡುವ ಬಗೆ ಇಷ್ಟು: ಪುಸ್ತಕದ ಕಡತವನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸಲಾಗುತ್ತದೆ, ಅದನ್ನು ಬಿಡಿಸುವ ಕೀಲಿಯನ್ನು ಕೊಂಡವರ ಖಾತೆಗೂ ಸಾಧನಕ್ಕೂ ಹೊಂದಿಸಲಾಗಿರುತ್ತದೆ. ಆ ಕಡತವನ್ನು ನಾನು ಗೆಳೆಯರಿಗೆ ಇಮೇಲ್ ಮಾಡಿದರೆ ಅವರ ಸಾಧನದಲ್ಲಿ ಅದು ತೆರೆಯುವುದಿಲ್ಲ. ಕೊಂಡ ಒಂದು ಪ್ರತಿ ಊರಿಗೆಲ್ಲ ಹರಡದಿರಲು ಇಂಥದೊಂದು ಏರ್ಪಾಡು ಬೇಕೆನ್ನುವವರ ಮೇಲೆ ನನಗೆ ತಕರಾರಿಲ್ಲ. ತಕರಾರು ಇರುವುದು ಅದರ ಇನ್ನೊಂದು ಪರಿಣಾಮದ ಬಗ್ಗೆ. ಮಾರಾಟ ಮುಗಿದ ಮೇಲೂ ಕೀಲಿ ಮಾರಿದವರ ಸುಪರ್ದಿಯಲ್ಲೇ ಉಳಿಯುವುದರಿಂದ, ಹೊಸ ಸಾಧನ ತಂದಾಗ, ಯಾವುದೋ ಕಾರಣಕ್ಕೆ ಖಾತೆ ಸ್ಥಗಿತವಾದಾಗ, ಕಂಪನಿ ತನ್ನ ನಿಯಮ ಬದಲಿಸಿದಾಗ, ಎಂದೋ ಹಣ ತೆತ್ತು ಮುಗಿಸಿದ ಓದುಗ ಮತ್ತೆ ಅವರ ಅನುಮತಿಗಾಗಿ ಕಾಯಬೇಕಾಗುತ್ತದೆ. ನಾಳೆ ಕೋಬೋದಂಥ ಬೇರೊಂದು ಓದುಗ ಸಾಧನ ಹಿಡಿಸಿತೆಂದು ಅದನ್ನು ಕೊಂಡರೆ, ಕಿಂಡಲ್ ಅಂಗಡಿಯ ಬೀಗವಿರುವ ಪುಸ್ತಕಗಳು ಹಿಂದೆಯೇ ಉಳಿಯುತ್ತವೆ. ವರ್ಷಗಟ್ಟಲೆ ಪುಸ್ತಕ ಕೊಂಡವರನ್ನು ಒಂದೇ ಅಂಗಡಿಗೆ ಕಟ್ಟಿಹಾಕುವ ಈ ಗುಣ ನಕಲು ತಡೆಯಲು ಅಗತ್ಯವಾದುದಲ್ಲ. ಅದರಿಂದ ಲಾಭವಾಗುವುದು ಲೇಖಕರಿಗೂ ಅಲ್ಲ, ಪ್ರಕಾಶಕರಿಗೂ ಅಲ್ಲ, ಅಂಗಡಿಗೆ ಮಾತ್ರ.

ಇದು ಕಾಲ್ಪನಿಕ ಭಯವಲ್ಲ ಎಂಬುದು 2009ರ ಜುಲೈನಲ್ಲೇ ತಿಳಿಯಿತು. ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳ ಕಿಂಡಲ್ ಆವೃತ್ತಿಗಳನ್ನು ಅಮೆರಿಕದಲ್ಲಿ ಪ್ರಕಟಣೆಯ ಹಕ್ಕಿಲ್ಲದ ಮಾರಾಟಗಾರರು ಅಂಗಡಿಗೆ ಸೇರಿಸಿದ್ದರು. ಸಂಗತಿ ಗೊತ್ತಾದಾಗ ಅಮೆಜಾನ್ ಮಾರಾಟ ನಿಲ್ಲಿಸಿದ್ದಷ್ಟೇ ಅಲ್ಲ, ಆಗಲೇ ಕೊಂಡಿದ್ದವರ ಸಾಧನಗಳಿಂದಲೂ ಆ ಪುಸ್ತಕಗಳನ್ನು ದೂರದಿಂದಲೇ ಅಳಿಸಿ ಹಣ ಹಿಂದಿರುಗಿಸಿತು. ಪುಸ್ತಕಕ್ಕೆ ಟಿಪ್ಪಣಿ ಮಾಡಿಕೊಂಡು ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಶ್ರಮ ವ್ಯರ್ಥವಾಗಿ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಕಂಪನಿಯ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ತಪ್ಪನ್ನು ಅಷ್ಟು ನೇರವಾಗಿ ಒಪ್ಪಿಕೊಂಡದ್ದನ್ನು ಮೆಚ್ಚಲೇಬೇಕು. ಆದರೆ ಅಂದು ಬದಲಾದದ್ದು ಕಂಪನಿಯ ನಡವಳಿಕೆ. ಗ್ರಾಹಕನ ಸಾಧನದೊಳಗೆ ಕೈ ಹಾಕುವ ಸಾಮರ್ಥ್ಯ ಹಾಗೆಯೇ ಉಳಿಯಿತು. ಮುದ್ರಿತ ಪುಸ್ತಕದ ವಿಷಯದಲ್ಲಿ ಪ್ರಕಾಶಕರ ನಡುವೆ ಹಕ್ಕಿನ ವ್ಯಾಜ್ಯ ಎಷ್ಟೇ ದೊಡ್ಡದಿರಲಿ, ಈಗಾಗಲೇ ಕೊಂಡವರ ಮನೆಯ ಕಪಾಟಿಗೆ ಯಾರೂ ಬರುವುದಿಲ್ಲ.

ಇತ್ತೀಚಿನ ಬದಲಾವಣೆ ಇದಕ್ಕಿಂತ ಮೆಲುದನಿಯದು, ಆದರೆ ಹೆಚ್ಚು ಜನರನ್ನು ತಟ್ಟುವಂಥದು. ಕೊಂಡ ಪುಸ್ತಕದ ಕಡತವನ್ನು ಅಮೆಜಾನ್ ತಾಣದಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯ ಮೂಲಕ ಕಿಂಡಲಿಗೆ ಹಾಕಿಕೊಳ್ಳುವ ಸೌಲಭ್ಯ ಬಹುಕಾಲದಿಂದ ಇತ್ತು. 2025ರ ಫೆಬ್ರವರಿ 26ರಂದು ಅದನ್ನು ತೆಗೆದುಹಾಕಲಾಯಿತು. ಆ ಕಡತಕ್ಕೂ ಬೀಗವಿತ್ತು ನಿಜ. ಆದರೂ ಕೊಂಡದ್ದರ ಒಂದು ಪ್ರತಿ ತಮ್ಮ ಬಳಿ ಭದ್ರವಾಗಿದೆ ಎಂಬ ನೆಮ್ಮದಿ ಓದುಗರಿಗಿತ್ತು, ಮನೆಯಲ್ಲಿ ವೈಫೈ ಇಲ್ಲದವರಿಗೆ ಅದು ಸುಲಭದ ದಾರಿಯೂ ಆಗಿತ್ತು. ಹಾಗೆ ಇಳಿಸಿಕೊಂಡ ಕಡತದ ಬೀಗವನ್ನು ಬಿಡಿಸುವ ಉಪಾಯಗಳು ಹರಡಿದ್ದೇ ಈ ನಿರ್ಧಾರಕ್ಕೆ ಕಾರಣವಾಗಿದ್ದರೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. ಆ ಉಪಾಯವನ್ನು ಬಳಸಿ ಪುಸ್ತಕ ಹಂಚುವವರು ಕೆಲವರು, ತಮ್ಮ ಸಂಗ್ರಹವನ್ನು ಕಾಪಿಟ್ಟುಕೊಳ್ಳಲು ಈ ಸೌಲಭ್ಯವನ್ನು ನಂಬಿದ್ದವರು ಅನೇಕರು. ಮೊದಲಿನವರ ತಪ್ಪಿಗೆ ಎರಡನೆಯವರಿಂದ ದಂಡ ಕಟ್ಟಿಸಿದಂತಾಯಿತು.

ಕಾನೂನಿನ ದೃಷ್ಟಿಯಲ್ಲಿ ಅಮೆಜಾನ್ ಮಾತು ತಪ್ಪಿಲ್ಲ, ಏಕೆಂದರೆ ಕಿಂಡಲಿನ ಬಳಕೆಯ ಷರತ್ತುಗಳಲ್ಲಿ ಪುಸ್ತಕವನ್ನು ಮಾರುತ್ತಿಲ್ಲ, ಓದುವ ಪರವಾನಗಿಯನ್ನು ಮಾತ್ರ ಕೊಡುತ್ತಿದ್ದೇವೆ ಎಂದು ಬರೆದಿದೆ. ಆ ಷರತ್ತುಗಳನ್ನು ಓದಿ ಒಪ್ಪುವವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಡಿಜಿಟಲ್ ಸರಕನ್ನು ಖರೀದಿಯ ಹೆಸರಿನಲ್ಲಿ ಮಾರುವವರು ಅದು ಪರವಾನಗಿ ಮಾತ್ರ ಎಂಬುದನ್ನು ಹಣ ಪಡೆಯುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಶಾಶ್ವತವಾಗಿ ಇಳಿಸಿಕೊಂಡು ಅಂತರ್ಜಾಲದ ಹಂಗಿಲ್ಲದೆ ಬಳಸಬಹುದಾದ ಸರಕಿಗೆ ಈ ನಿಯಮದಿಂದ ವಿನಾಯಿತಿಯಿದೆ. ನ್ಯಾಯದ ಅಳತೆಗೋಲು ಆ ವಿನಾಯಿತಿಯಲ್ಲೇ ಸಿಗುತ್ತದೆಂದು ನನಗನ್ನಿಸುತ್ತದೆ: ಮಾರಿದವರು ನಾಳೆ ಇಲ್ಲವಾದರೂ ಕೊಂಡವರ ಬಳಿ ಉಳಿಯುವುದಾದರೆ ಅದು ಮಾರಾಟ, ಇಲ್ಲವಾದರೆ ಅಲ್ಲ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸುತ್ತದೆಯಾದರೂ ಡಿಜಿಟಲ್ ಸರಕಿನ ಬಗ್ಗೆ ಇಷ್ಟು ನೇರವಾದ ಮಾತು ಅದರಲ್ಲಿಲ್ಲ.

ಬೆಲೆಯ ಮಾತನ್ನೂ ಇಲ್ಲಿಯೇ ಎತ್ತಬೇಕು. ಹಲವು ಇಂಗ್ಲಿಷ್ ಪುಸ್ತಕಗಳ ಕಿಂಡಲ್ ಆವೃತ್ತಿಯ ಬೆಲೆ ಮುದ್ರಿತ ಪ್ರತಿಯ ಬೆಲೆಗೆ ಹತ್ತಿರದಲ್ಲೇ ಇರುತ್ತದೆ. ಮುದ್ರಿತ ಪ್ರತಿಯನ್ನು ಓದಿ ಮುಗಿಸಿದ ಮೇಲೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದಂಗಡಿಗೆ ಮಾರಬಹುದು, ಊರಿನ ಗ್ರಂಥಾಲಯಕ್ಕೆ ಕೊಡಬಹುದು, ಅಕ್ಕನಿಗೋ ಸಹೋದ್ಯೋಗಿಗೋ ಎರವಲು ಕೊಡಬಹುದು, ಕೊನೆಗೆ ಮಕ್ಕಳಿಗೆ ಬಿಟ್ಟುಹೋಗಬಹುದು. ಕಿಂಡಲ್ ಪ್ರತಿಯನ್ನು ಓದಿ ಮುಗಿಸಿದ ಮೇಲೆ ಮಾರುವಂತಿಲ್ಲ, ಅದರ ಪರವಾನಗಿಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಇಷ್ಟೊಂದು ಹಕ್ಕು ಕಡಿಮೆಯಾದಾಗ ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕಿತ್ತು.

ಹಾಗೆಂದು ಬೀಗವೇ ಎಲ್ಲೆಡೆ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಕಿಂಡಲ್ ಅನ್‌ಲಿಮಿಟೆಡ್ ಎಂಬ ಮಾಸಿಕ ಚಂದಾ ಯೋಜನೆಯಲ್ಲಿ ಪುಸ್ತಕಗಳನ್ನು ಎರವಲು ಪಡೆದು ಓದಿ ಹಿಂದಿರುಗಿಸುತ್ತೇವೆ. ಅಲ್ಲಿ ಬೀಗವಿಲ್ಲದಿದ್ದರೆ ಎರವಲು ಎಂಬ ಏರ್ಪಾಡೇ ನಡೆಯದು. ಗ್ರಂಥಾಲಯಗಳು ಇ-ಪುಸ್ತಕವನ್ನು ಅವಧಿಗೆ ಕೊಟ್ಟು ಮರಳಿ ಪಡೆಯುವಾಗಲೂ ಅಷ್ಟೇ. ಇಂಥ ಸೇವೆಗಳಲ್ಲಿ ಓದುಗ ಬಾಡಿಗೆಯನ್ನಷ್ಟೇ ಕೊಡುತ್ತಾನೆ, ಬಾಡಿಗೆಯ ಹಕ್ಕನ್ನಷ್ಟೇ ಪಡೆಯುತ್ತಾನೆ. ಅದೇ ಬೀಗವನ್ನು ಪೂರ್ಣ ಬೆಲೆಯ ಪುಸ್ತಕಕ್ಕೂ ತೊಡಿಸಿದಾಗ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತಾಳೆಯಾಗುವುದಿಲ್ಲ.

ಇನ್ನು ಪ್ರಕಾಶಕರ ಮಾತು. ಕನ್ನಡದಲ್ಲಿ ಒಂದು ಪುಸ್ತಕವನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಅದು ಖರ್ಚಾಗುವುದನ್ನು ವರ್ಷಗಟ್ಟಲೆ ಕಾಯುವ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನೆಚ್ಚಿಕೊಂಡ ಸಣ್ಣ ಪ್ರಕಾಶಕರು ನಮ್ಮಲ್ಲಿ ಬಹಳ. ತಮ್ಮ ಪುಸ್ತಕದ ಪಿಡಿಎಫ್ ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವುದನ್ನು ಕಂಡಾಗ ಅವರಿಗಾಗುವ ಸಂಕಟ ನಿಜವಾದದ್ದು, ನಷ್ಟವೂ ನಿಜವಾದದ್ದು. ಲಕ್ಷಗಟ್ಟಲೆ ಪ್ರತಿ ಮಾರುವ ಇಂಗ್ಲಿಷ್ ಪ್ರಕಾಶನ ಸಂಸ್ಥೆ ತಾಳಿಕೊಳ್ಳಬಲ್ಲ ಪೆಟ್ಟನ್ನು ಇವರು ತಾಳಿಕೊಳ್ಳಲಾರರು. ಆದ್ದರಿಂದ ಬೀಗ ಬೇಕೆಂದು ಅವರು ಕೇಳಿದರೆ ಅದನ್ನು ಲೋಭವೆಂದು ತಳ್ಳಿಹಾಕುವುದು ಸರಿಯಲ್ಲ. ನಾನು ಅವರ ಮುಂದಿಡುವ ಪ್ರಶ್ನೆ ಬೇರೆ: ಆ ಬೀಗ ಅವರನ್ನು ಕಾಯುತ್ತಿದೆಯೇ? ನನ್ನ ಕಣ್ಣಿಗೆ ಬಿದ್ದ ಕನ್ನಡದ ಕಳ್ಳಪ್ರತಿಗಳಲ್ಲಿ ಬಹುಪಾಲು ಮುದ್ರಿತ ಪುಟಗಳನ್ನು ಸ್ಕ್ಯಾನ್ ಮಾಡಿದವು. ಕೆಲವುಗಳಲ್ಲಿ ಪುಟ ಹಿಡಿದ ಬೆರಳೂ ಕಾಣಿಸುತ್ತದೆ. ಇ-ಪುಸ್ತಕಕ್ಕೆ ಎಷ್ಟೇ ಗಟ್ಟಿ ಬೀಗ ಹಾಕಿದರೂ ಆ ದಾರಿ ಮುಚ್ಚುವುದಿಲ್ಲ. ಮೇಲಾಗಿ, ನೂರು ಜನ ಕೊಂಡ ಪುಸ್ತಕದಲ್ಲಿ ಒಬ್ಬ ಬೀಗ ಒಡೆದರೂ ಕಳ್ಳಪ್ರತಿ ಸಿದ್ಧವಾಗುತ್ತದೆ. ಉಳಿದ ತೊಂಬತ್ತೊಂಬತ್ತು ಜನರ ಸಾಧನದಲ್ಲಿರುವ ಬೀಗ ಆ ಮೇಲೆ ಯಾರನ್ನೂ ತಡೆಯುವುದಿಲ್ಲ, ಅವರ ಕೈಯನ್ನಷ್ಟೇ ಕಟ್ಟುತ್ತದೆ.

ಬೀಗ ತೆಗೆದು ನೋಡಿದವರ ಅನುಭವವೂ ನಮ್ಮ ಮುಂದಿದೆ. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಹೆಸರಾದ ಅಮೆರಿಕದ ಟಾರ್ ಪ್ರಕಾಶನ 2012ರಲ್ಲಿ ತನ್ನ ಇ-ಪುಸ್ತಕಗಳ ಬೀಗವನ್ನು ತೆಗೆದುಹಾಕಿತು. ಸುಮಾರು ಒಂದು ವರ್ಷದ ಬಳಿಕ, ಕಳ್ಳಪ್ರತಿಗಳಲ್ಲಿ ಗುರುತಿಸಬಹುದಾದ ಹೆಚ್ಚಳವೇನೂ ಕಂಡಿಲ್ಲವೆಂದು ಹೇಳಿತು. ಅದೇ 2012ರಲ್ಲಿ ಹ್ಯಾರಿ ಪಾಟರ್ ಸರಣಿಯ ಇ-ಪುಸ್ತಕಗಳು ಪಾಟರ್‌ಮೋರ್ ಎಂಬ ತಮ್ಮದೇ ಅಂಗಡಿಯಲ್ಲಿ ಮಾರಾಟಕ್ಕೆ ಬಂದಾಗ, ಬೀಗದ ಬದಲು ಕೊಂಡವರನ್ನು ಪತ್ತೆಹಚ್ಚಬಲ್ಲ ಗುರುತನ್ನು ಪ್ರತಿಯೊಳಗೆ ಸೇರಿಸುವ ವಿಧಾನವನ್ನು ಆರಿಸಿಕೊಂಡರು. ಜರ್ಮನಿಯ ಹಲವು ದೊಡ್ಡ ಪ್ರಕಾಶನ ಸಂಸ್ಥೆಗಳು 2015ರಲ್ಲಿ ಇದೇ ದಾರಿ ಹಿಡಿದವು. ಈ ಗುರುತಿನ ವಿಧಾನ ನನಗೆ ನ್ಯಾಯವಾಗಿ ಕಾಣುತ್ತದೆ, ಏಕೆಂದರೆ ತನ್ನ ಗುರುತಿರುವ ಪ್ರತಿಯನ್ನು ಬಯಲಿಗೆ ಹಾಕಲು ಯಾರಾದರೂ ಹಿಂಜರಿಯುತ್ತಾರೆ, ಹಾಕಿದರೆ ಸಿಕ್ಕಿಬೀಳುತ್ತಾರೆ. ಪ್ರಾಮಾಣಿಕ ಓದುಗನಿಗೋ ಯಾವ ಸಾಧನದಲ್ಲಿ, ಯಾವ ಕಾಲದಲ್ಲಿ ಬೇಕಾದರೂ ಓದುವ ಸ್ವಾತಂತ್ರ್ಯ ಉಳಿಯುತ್ತದೆ. ಕೊಂಡವರ ಮಾಹಿತಿಯನ್ನು ಹೀಗೆ ಬಳಸುತ್ತಿದ್ದೇವೆ ಎಂಬುದನ್ನು ಮೊದಲೇ ಹೇಳಬೇಕು, ಅಷ್ಟೇ.

ಬೀಗದ ಭಾರ ಅತಿ ಹೆಚ್ಚು ಬೀಳುವುದು ದೃಷ್ಟಿಯಿಲ್ಲದ ಓದುಗರ ಮೇಲೆ, ಮತ್ತು ಈ ವಿಷಯ ನಮ್ಮ ವಿಮರ್ಶೆಗಳಲ್ಲಿ ಬರುವುದೇ ಇಲ್ಲ. 2009ರ ಫೆಬ್ರವರಿಯಲ್ಲಿ ಎರಡನೆಯ ತಲೆಮಾರಿನ ಕಿಂಡಲ್ ಬಂದಾಗ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಅದರಲ್ಲಿತ್ತು. ಇದು ಧ್ವನಿಪುಸ್ತಕದ ಹಕ್ಕಿಗೆ ಧಕ್ಕೆ ತರುತ್ತದೆಂದು ಅಮೆರಿಕದ ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ ಆಕ್ಷೇಪಿಸಿತು. ಅಮೆಜಾನ್ ಮಣಿದು, ಯಾವ ಪುಸ್ತಕವನ್ನು ಗಟ್ಟಿಯಾಗಿ ಓದಬಹುದು ಎಂಬ ನಿರ್ಧಾರವನ್ನು ಹಕ್ಕುದಾರರಿಗೆ ಬಿಟ್ಟಿತು. ಆ ಏಪ್ರಿಲ್‌ನಲ್ಲಿ ಅಂಧರ ಸಂಘಟನೆಗಳವರು ನ್ಯೂಯಾರ್ಕಿನಲ್ಲಿ ಗಿಲ್ಡ್ ಕಚೇರಿಯ ಎದುರು ಪ್ರತಿಭಟನೆ ನಡೆಸಿದರು. ಅವರು ಪುಕ್ಕಟೆ ಪುಸ್ತಕ ಕೇಳುತ್ತಿರಲಿಲ್ಲ, ಹಣ ಕೊಟ್ಟು ಕೊಂಡ ಪುಸ್ತಕವನ್ನು ಕಿವಿಯಿಂದ ಓದುವ ಅವಕಾಶ ಕೇಳುತ್ತಿದ್ದರು. ಮುಂದೆ ಕಿಂಡಲಿಗೆ ವಾಯ್ಸ್‌ವ್ಯೂ ಎಂಬ ಪರದೆವಾಚಕ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಂದು ಪರಿಸ್ಥಿತಿ ಸುಧಾರಿಸಿತು, ಇದನ್ನು ಕಂಪನಿಯ ಲೆಕ್ಕಕ್ಕೆ ಸೇರಿಸಲೇಬೇಕು. ಕನ್ನಡದ ಅಂಧ ಓದುಗರ ಅಗತ್ಯವಾದರೋ ಇನ್ನೂ ಬೇರೆ. ಎನ್‌ವಿಡಿಎ ಪರದೆವಾಚಕ, ಕನ್ನಡ ಬಲ್ಲ ಇ-ಸ್ಪೀಕ್ ಧ್ವನಿ, ಫೋನಿನ ಗೂಗಲ್ ಧ್ವನಿ ಇವೆಲ್ಲ ಪುಕ್ಕಟೆಯಾಗಿ ಸಿಗುತ್ತವೆ, ಆದರೆ ಅವುಗಳ ಕೈಗೆ ಪಠ್ಯ ಸಿಕ್ಕಬೇಕು. ನಕಲು ಮಾಡಬಾರದೆಂದು ಪುಟವನ್ನು ಬರಿಯ ಚಿತ್ರವಾಗಿ ತೋರಿಸುವ, ಅಥವಾ ಪರದೆವಾಚಕಕ್ಕೆ ಪಠ್ಯವನ್ನು ಕೊಡದ ಆ್ಯಪ್ ಯಾವುದೇ ಕಂಪನಿಯದಾಗಿರಲಿ, ಅದು ಒಂದು ಇಡೀ ಓದುಗ ಸಮುದಾಯದ ಎದುರು ಬಾಗಿಲು ಹಾಕಿದಂತೆ.

ಈ ವಿಷಯದಲ್ಲಿ ಭಾರತದ ಕಾನೂನು ಹೆಮ್ಮೆ ಪಡುವಂತಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಕೃತಿಯನ್ನು ಪರಿವರ್ತಿಸಲು ವಿನಾಯಿತಿ ಕೊಡಲಾಯಿತು. ಇದೇ ಉದ್ದೇಶದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ನಮ್ಮದು. ಅದೇ ತಿದ್ದುಪಡಿ 65ಎ ಕಲಮನ್ನು ಸೇರಿಸಿ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗವನ್ನು ಒಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದೆಂದಿತು. ಉದ್ದೇಶ ಎಂಬ ಆ ಷರತ್ತಿನಲ್ಲಿ ವಿವೇಕವಿದೆ. 1998ರ ಅಮೆರಿಕದ ಕಾನೂನಿನಲ್ಲಿ ಬೀಗ ಒಡೆಯುವುದೇ ಸಾಮಾನ್ಯವಾಗಿ ನಿಷಿದ್ಧ, ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಕೇಳಿ ಪಡೆಯಬೇಕು. ನಮ್ಮ ಕಾಯ್ದೆಯಾದರೋ ತಾನು ನಿಷೇಧಿಸದ ಕೆಲಸಕ್ಕಾಗಿ ಬೀಗ ತೆರೆಯುವವರನ್ನು ಅಪರಾಧಿಯೆನ್ನುವುದಿಲ್ಲ. ಆದರೆ ಕಾನೂನು ಅಡ್ಡಿ ಮಾಡದ ಮಾತ್ರಕ್ಕೆ ಸಾಮಾನ್ಯ ಓದುಗರಿಗೆ ಬೀಗ ತೆರೆಯುವ ಬಗೆ ತಿಳಿದಿರುವುದಿಲ್ಲ. ತಿಳಿದುಕೊಳ್ಳಬೇಕಾದ ಪರಿಸ್ಥಿತಿ ಅವರಿಗೆ ಬರಲೂಬಾರದು.

ಅಂಗಡಿಯೇ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ವ್ಯಾಪಾರವನ್ನು 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು, ಜುಲೈಯಿಂದ ಕೊಂಡವರ ಪುಸ್ತಕಗಳೂ ತೆರೆಯದಾದವು. ಎಲ್ಲರಿಗೂ ಹಣ ಮರಳಿಸಿ, ಟಿಪ್ಪಣಿ ಮಾಡಿಕೊಂಡವರಿಗೆ ಇನ್ನೂ 25 ಡಾಲರ್ ಕೊಟ್ಟ ಆ ಕಂಪನಿಯ ನಡತೆ ಸಭ್ಯವಾದದ್ದು. ಸಣ್ಣ ಕಂಪನಿಗಳಿಂದ ಅಷ್ಟನ್ನು ನಿರೀಕ್ಷಿಸಲಾಗದು: ನಾನು ಕೆಲವು ಪುಸ್ತಕಗಳನ್ನು ಕೊಂಡಿದ್ದ ಆ್ಯಪ್ ಒಂದು ಸದ್ದಿಲ್ಲದೆ ನಿಂತುಹೋಯಿತು, ನನ್ನ ಪತ್ರಗಳಿಗೆ ಉತ್ತರವೂ ಬರಲಿಲ್ಲ. ಅಮೆಜಾನ್ ನಾಳೆಯೇ ಮುಚ್ಚೀತೆಂದು ನಾನು ಹೇಳುತ್ತಿಲ್ಲ, ಆದರೆ ಮುಚ್ಚುವ ದಿನ ಬಂದರೆ ಬೀಗವನ್ನು ತೆರೆದುಕೊಡುತ್ತೇವೆ ಎಂಬ ಲಿಖಿತ ಭರವಸೆಯನ್ನು ಅದು ಕೊಟ್ಟದ್ದು ನನಗೆ ಕಂಡಿಲ್ಲ. ಇದಕ್ಕೆ ಖರ್ಚೇನೂ ಇಲ್ಲ. ನಕಲು ಹೆಚ್ಚುವ ಭಯವೂ ಇಲ್ಲ.

ಕನ್ನಡ ಓದುಗರಿಗೆ ಕಿಂಡಲ್ ಅಂಗಡಿ ಮೊದಲಿನಿಂದಲೂ ಸ್ವಲ್ಪ ದೂರವೇ. 2016ರ ಕೊನೆಯಲ್ಲಿ ಅದರ ಸ್ವಯಂಪ್ರಕಾಶನ ವೇದಿಕೆ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿಗಳಿಗೆ ತೆರೆದುಕೊಂಡಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ಕನ್ನಡ ಇ-ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್ ಕಡೆಗೆ ಮತ್ತು ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳ ಕಡೆಗೆ ಹೋದವು. ಗೂಗಲ್ ಅಂಗಡಿಯಲ್ಲಿ ಬೀಗ ಬೇಕೇ ಬೇಡವೇ ಎಂಬುದನ್ನು ಪ್ರಕಾಶಕರು ತೀರ್ಮಾನಿಸುತ್ತಾರೆ, ಬೇಡವೆಂದವರ ಪುಸ್ತಕವನ್ನು ಕೊಂಡವರು ಇಪಬ್ ಕಡತವಾಗಿ, ಅಂದರೆ ಬೇರೆ ಬೇರೆ ಕಂಪನಿಗಳ ಸಾಧನಗಳಲ್ಲಿ ತೆರೆಯುವ ಇ-ಪುಸ್ತಕದ ರೂಪದಲ್ಲಿ, ಇಳಿಸಿಕೊಳ್ಳಬಹುದು. ಕಿಂಡಲಿನಲ್ಲೂ ಈ ಆಯ್ಕೆ ಪ್ರಕಾಶಕರದೇ; ಬೀಗವಿಲ್ಲದೆ ಹೊಸದಾಗಿ ಪ್ರಕಟವಾಗುವ ಪುಸ್ತಕಗಳನ್ನು 2026ರ ಜನವರಿ 20ರಿಂದ ಇಪಬ್ ಮತ್ತು ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಲು ಕೊಡುವುದಾಗಿ ಅಮೆಜಾನ್ 2025ರ ಡಿಸೆಂಬರಿನಲ್ಲಿ ಲೇಖಕರಿಗೆ ತಿಳಿಸಿತು. ಇದು ಸರಿಯಾದ ದಿಕ್ಕಿನ ಹೆಜ್ಜೆ, ಮನಸ್ಸಿನಿಂದ ಸ್ವಾಗತಿಸುತ್ತೇನೆ.

ಒಟ್ಟಿನಲ್ಲಿ ಓದುವ ಸಾಧನವಾಗಿ ಕಿಂಡಲಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಪುಸ್ತಕದಂಗಡಿಯಾಗಿ ಎರಡೂವರೆ. ಒಮ್ಮೆ ಓದಿ ಮರೆಯುವ ಪತ್ತೇದಾರಿ ಕಾದಂಬರಿ, ಪ್ರವಾಸಕ್ಕೆ ಬೇಕಾದ ಕೈಪಿಡಿ, ಅಗ್ಗದ ದಿನಗಳಲ್ಲಿ ಸಿಗುವ ಪುಸ್ತಕ ಇವುಗಳನ್ನು ಅಲ್ಲಿ ನಿಶ್ಚಿಂತೆಯಿಂದ ಕೊಳ್ಳಬಹುದು. ತಪ್ಪಿ ಕೊಂಡದ್ದನ್ನು ಏಳು ದಿನಗಳೊಳಗೆ ಹಿಂದಿರುಗಿಸುವ ಅವಕಾಶವೂ ಇದೆ. ಮತ್ತೆ ಮತ್ತೆ ತೆರೆಯಬೇಕಾದ ನಿಘಂಟು, ಆಕರಗ್ರಂಥ, ಮನೆಯ ಮುಂದಿನ ತಲೆಮಾರಿಗೂ ಬೇಕೆನಿಸುವ ಪುಸ್ತಕಗಳಿಗೆ ಮುದ್ರಿತ ಪ್ರತಿಯೇ ಲೇಸು, ಇಲ್ಲವೇ ಬೀಗವಿಲ್ಲದ ಇಪಬ್. ಟಾರ್‌ನಂಥ ಪ್ರಕಾಶಕರು ತಮ್ಮ ಪುಸ್ತಕಕ್ಕೆ ಡಿಆರ್‌ಎಂ (ಈ ಬೀಗಕ್ಕಿರುವ ಇಂಗ್ಲಿಷ್ ಹೆಸರು) ಇಲ್ಲವೆಂಬ ಸಾಲನ್ನು ಮಾರಾಟದ ಪುಟದ ವಿವರಣೆಯಲ್ಲೇ ಹಾಕಿಸುತ್ತಾರೆ. ಕೊಳ್ಳುವ ಮೊದಲು ಆ ಸಾಲು ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕನ್ನಡದ ಪ್ರಕಾಶಕರೂ ಬೀಗ ಹಾಕಲಿ, ಬಿಡಲಿ, ಅದನ್ನು ಬೆಲೆಯ ಪಕ್ಕದಲ್ಲೇ ಕನ್ನಡದಲ್ಲಿ ನಮೂದಿಸಬೇಕೆಂದು ಕೇಳಿಕೊಳ್ಳುತ್ತೇನೆ.